ಸಿಮ್ ಪಿನ್ ಹಾಕಕ್ಕೆ ಹೋದ್ರೆ ‘ಇನ್ನು 1 ಅವಕಾಶ’ ಅಂತಿದೆ, ಏನ್ ಮಾಡ್ಲಿ?

ಮಂಡ್ಯ_ಪ್ಯಾಸೆಂಜರ್
ಹೋದ ತಿಂಗಳು ಮೈಸೂರು ಸಿಟಿ ಬಸ್ ಸ್ಟ್ಯಾಂಡಲ್ಲಿ ಬೆಟ್ಟದ ಬಸ್ ಹತ್ತೋವಾಗ ನಮ್ಮವ್ವನ ಫೋನ್ ಹೋಯ್ತು. ಪ್ಯಾಟರ್ನ್ ಲಾಕ್ ಇದೆಯಲ್ಲ ಅಂತ ಧೈರ್ಯವಾಗಿದ್ವಿ. ಕಳ್ಳ ಆ ಲಾಕಿನ ಗೋಜಿಗೇ ಹೋಗಿಲ್ಲ. ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿ, ಒಟಿಪಿ ತರಿಸ್ಕೊಂಡು, ಅವ್ವನ ವಾಟ್ಸಾಪಿಂದ ನೆಂಟರಿಗೆಲ್ಲ ದುಡ್ಡು ಕೇಳಿದಾನೆ. ಚಿಕ್ಕಮ್ಮ ಪಾಪ 4,000 ಕಳಿಸ್ಬಿಟ್ರು.

ಈಗ ಹೊಸ ಫೋನು. ಬೇರೆ ಫೋನಿಗೆ ಹಾಕಿದ್ರೂ ಪಿನ್ ಇಲ್ದೇ ಸಿಮ್ ನಡೀಬಾರ್ದು ಅಂತ ಸೆಟ್ಟಿಂಗ್ಸಲ್ಲಿ ಸಿಮ್ ಲಾಕ್ ಆನ್ ಮಾಡಿದ್ರೆ ಪಿನ್ ಕೇಳ್ತದೆ. ನಾವು ಯಾವತ್ತೂ ಇಟ್ಟಿದ್ದೇ ಇಲ್ಲ. ಎರಡು ಸಲ ಊಹೆ ಮೇಲೆ ಹಾಕ್ದೆ, ತಪ್ಪಾಯ್ತು. ಅವ್ವ ಜಂಬೂಸವಾರಿಗೆ ಹೋಗ್ಲೇಬೇಕು ಅಂತ ಕೂತವಳೆ.

ರಿಪೇರಿ_ಟೇಬಲ್_ಮೈಸೂರು
ದಯವಿಟ್ಟು ಮೂರನೇ ಸಲ ಹಾಕ್ಬೇಡಿ. ಮೂರೂ ತಪ್ಪಾದ್ರೆ ಪಿಯುಕೆ, ಅಂದ್ರೆ ಲಾಕ್ ಆದ ಸಿಮ್ ಬಿಡಿಸೋ ಕೋಡ್, ಕೇಳತ್ತೆ. ಅದನ್ನ ಕಂಪನಿಯವರಿಂದ ತಗೋಬಹುದು, ಆದ್ರೆ ಪಿಯುಕೆನೇ 10 ಸಲ ತಪ್ಪಿದ್ರೆ ಆ ಸಿಮ್ ಮತ್ತೆ ಏಳಲ್ಲ. ಪ್ರತಿ ಸಿಮ್ಮಿಗೂ ಕಂಪನಿಯವರೇ ಹಾಕಿದ ಮೊದಲ ಪಿನ್ ಇರತ್ತೆ. ಬೇರೆ ಫೋನಿಂದ ಕಸ್ಟಮರ್ ಕೇರಿಗೆ ಮಾಡಿ ಕೇಳಿ, ಒಂದ್ಸಲ ಹಾಕಿ, ತಕ್ಷಣ ನಿಮ್ಮದೇ ಪಿನ್ನಿಗೆ ಬದಲಾಯಿಸಿ. ಆಮೇಲೆ ಫೋನ್ ಆಫ್ ಆಗಿ ಆನ್ ಆದಾಗಲೆಲ್ಲ ಪಿನ್ ಹಾಕ್ಬೇಕು, ಹಾಕೋವರೆಗೂ ಕರೆ ಬರಲ್ಲ. ಅಮ್ಮಂಗೆ ಇದನ್ನ ಬಾಯಿಪಾಠ ಮಾಡಿಸಿ.

ನಿಮ್ಮ ಮನೇಲಿ ಆದದ್ದಕ್ಕೆ ಇನ್ನೊಂದು ಬೀಗವೂ ಬೇಕು: ವಾಟ್ಸಾಪಲ್ಲಿ ಎರಡು ಹಂತದ ಪರಿಶೀಲನೆ. 6 ಅಂಕಿ ಇಟ್ರೆ ಒಟಿಪಿ ಸಿಕ್ಕಿದವನಿಗೂ ಖಾತೆ ತೆರೆಯಲ್ಲ.

ಮಂಡ್ಯ_ಪ್ಯಾಸೆಂಜರ್
ಕೇಳಿ ಹಾಕ್ದೆ, ಆಯ್ತಣ್ಣ! ತುಂಬಾ ಉಪಕಾರ ಆಯ್ತು. ಆದ್ರೆ ಲಾಕ್ ಇದ್ದಾಗ್ಲೂ ಮೇಲಿಂದ ಎಳೆದ್ರೆ ಏರೋಪ್ಲೇನ್ ಮೋಡ್ ಒತ್ತಬಹುದು. ಆವತ್ತು ಕಳೆದ ಫೋನ್ ಹುಡುಕೋ ಗೂಗಲಿನ ಫೈಂಡ್ ಹಬ್ಬಲ್ಲಿ (ಮೊದಲು ಫೈಂಡ್ ಮೈ ಡಿವೈಸ್ ಅಂತಿತ್ತು) ಫೋನ್ ಸಿಗದೇ ಇದ್ದಿದ್ದು ಇದಕ್ಕೇ ಇರ್ಬೇಕು.

ರಿಪೇರಿ_ಟೇಬಲ್_ಮೈಸೂರು
ಇರಬಹುದು. ಕೆಲವು ಫೋನಲ್ಲಿ ಲಾಕ್ ಇರೋವಾಗ ಆ ಪರದೆ ಎಳೆಯದಂಗೆ ಮಾಡೋಕಾಗತ್ತೆ, ಸೆಟ್ಟಿಂಗ್ಸಲ್ಲಿ ಲಾಕ್ ಸ್ಕ್ರೀನ್ ಅಂತ ಹುಡುಕಿ. ಅಲ್ಲೇ ಮೆಸೇಜಿನ ಒಳಗಿರೋದನ್ನೂ ಮುಚ್ಚಿಡಿ, ಇಲ್ದಿದ್ರೆ ಲಾಕ್ ತೆಗೀದೇನೇ ಒಟಿಪಿ ಓದ್ತಾರೆ. ಆಂಡ್ರಾಯ್ಡ್ 10ರಿಂದ ಮೇಲಿನ ಬಹುತೇಕ ಫೋನಲ್ಲಿ ಗೂಗಲ್ ಸೆಟ್ಟಿಂಗ್ಸಿನ ಕೆಳಗೆ ಕಳ್ಳತನ ರಕ್ಷಣೆ ಅಂತ ಬರತ್ತೆ. ಕೈಯಿಂದ ಕಿತ್ಕೊಂಡು ಓಡಿದ ಚಲನೆ ಗೊತ್ತಾದ್ರೆ ಅದೇ ಲಾಕ್ ಮಾಡ್ಕೊಳತ್ತೆ. ಜೇಬಿಂದ ಮೆಲ್ಲಗೆ ಎತ್ತಿದ್ರೆ ಮಾತ್ರ ಅದಕ್ಕೆ ತಿಳಿಯಲ್ಲ.

ದಿನಾ_ಚಾಮುಂಡಿ_ಎಕ್ಸ್‌ಪ್ರೆಸ್
ನಾನು ಮಂಡ್ಯದಿಂದ ಬೆಂಗಳೂರಿಗೆ ದಿನಾ ಓಡಾಡೋಳು. ರೈಲು ಸ್ಟೇಷನ್ ಬಿಟ್ಟು ಹೊರಡೋ ಹೊತ್ತಲ್ಲಿ ಕಿಟಕಿ, ಬಾಗಿಲ ಹತ್ರ ಫೋನ್ ಹಿಡ್ಕೊಂಡು ಕೂರಬೇಡಿ. ಕಿತ್ಕೊಂಡೋನು ಪ್ಲಾಟ್‌ಫಾರಂ ಮೇಲೆ, ನೀವು ರೈಲೊಳಗೆ. ಬಸ್ ಹತ್ತೋವಾಗ ನಾನು ಬ್ಯಾಗನ್ನ ಎದೆ ಮುಂದಕ್ಕೆ ತಗೋತೀನಿ, ಎರಡೂ ಕೈ ಕಂಬಿ ಹಿಡ್ಕೊಂಡಿರತ್ತಲ್ಲ.

ಇವತ್ತೇ *#06# ಒತ್ತಿ, ಬರೋ ಐಎಂಇಐ ನಂಬರನ್ನ (ಪ್ರತಿ ಫೋನಿಗೂ ಬೇರೆ ಬೇರೆ ಇರೋ ಗುರುತಿನ ಸಂಖ್ಯೆ) ಮನೇಲಿ ಬರೆದಿಡಿ. ಕಳೆದ್ರೆ ಮೊದಲು ಸಿಮ್ ಬ್ಲಾಕ್, ದುಡ್ಡು ಹೋಗಿದ್ರೆ ಆಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಪೊಲೀಸ್ ದೂರಿನ ಪ್ರತಿ ಇಟ್ಕೊಂಡು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನ ಸಿಇಐಆರಲ್ಲಿ (ಕಳೆದ ಫೋನ್ ಬ್ಲಾಕ್ ಮಾಡೋ ವಿಭಾಗ) ಫೋನನ್ನೇ ಬ್ಲಾಕ್ ಮಾಡಿಸ್ಬಹುದು. ಅದಕ್ಕೆ ಒಟಿಪಿ ಬೇಕು, ಡೂಪ್ಲಿಕೇಟ್ ಸಿಮ್ಮಿಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರಲ್ಲ. ಗಾಬರಿ ಆಗ್ಬೇಡಿ.

ಮಂಡ್ಯ_ಪ್ಯಾಸೆಂಜರ್
ಐಎಂಇಐ ಬರೆದು ಕ್ಯಾಲೆಂಡರ್ ಹಿಂದೆ ಅಂಟಿಸಿದೀನಿ ಅಕ್ಕ. ಪಿನ್ನನ್ನ ಅವ್ವ ಈಗ ನೋಡದೇ ಹೇಳ್ತಾಳೆ. ನಾಳೆ ಚಿಕ್ಕಮ್ಮನ ಫೋನಿಗೂ ಮಾಡ್ಕೊಡಕ್ಕೆ ಹೋಗ್ತಿದೀನಿ.