ದೀಪಾವಳಿಗೆ ಮೊದಲ ಕಂಟೇನರ್ ತರಿಸುತ್ತಿದ್ದೇನೆ, 2021ರಲ್ಲಿ ಪೆಟ್ಟು ತಿಂದವರು ಅನುಭವ ಹೇಳಿ

ಸುಧೀಂದ್ರ, ಫ್ರೀಮಾಂಟ್, ಫೆಬ್ರವರಿ 2025

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ದಿನಸಿ ಅಂಗಡಿ ನಡೆಸುತ್ತೇವೆ. ಇದುವರೆಗೆ ಹೋಲ್‌ಸೇಲ್‌ನವರ ಹತ್ತಿರವೇ ಸಾಮಾನು ತೆಗೆದುಕೊಳ್ಳುತ್ತಿದ್ದೆವು. ಈ ಸಲ ರಾಗಿ ಹಿಟ್ಟು, ಗಟ್ಟಿ ಅವಲಕ್ಕಿ, ಹಪ್ಪಳ, ಉಪ್ಪಿನಕಾಯಿ ಸೇರಿಸಿ 20 ಅಡಿಯ ಒಂದು ಕಂಟೇನರ್ ಚೆನ್ನೈನಿಂದ ನಾವೇ ತರಿಸಬೇಕು ಅಂತಿದ್ದೇವೆ. ಅಕ್ಟೋಬರ್ ಮೊದಲ ವಾರ ಅಂಗಡಿಯಲ್ಲಿರಬೇಕು.

ಹತ್ತಿರದ ಓಕ್ಲ್ಯಾಂಡ್ ಬಂದರಿಗೇ ತರಿಸಲಾ, ದಕ್ಷಿಣದ ಲಾಂಗ್ ಬೀಚ್ ಬಂದರಿನಲ್ಲಿ ಇಳಿಸಿ ಲಾರಿಯಲ್ಲಿ ತರಿಸಲಾ? ಎಷ್ಟು ಮುಂಚೆ ಕಳಿಸಬೇಕು? 2021ರಲ್ಲಿ ಕೊರೋನಾ ಹೊತ್ತಿನಲ್ಲಿ ಬಂದರುಗಳ ಮುಂದೆ ಹಡಗು ಸಾಲುಗಟ್ಟಿ ಸಾಮಾನೆಲ್ಲ ಸಿಕ್ಕಿಹಾಕಿಕೊಂಡ ಹಾಗೆ ಮತ್ತೆ ಆದರೆ ಕೈಯಲ್ಲಿ ಎಷ್ಟು ದುಡ್ಡು ಇಟ್ಟುಕೊಂಡಿರಬೇಕು? ಆಗ ಟಿವಿಯಲ್ಲಿ ಒಬ್ಬರು ಬೈಡನ್ ತಪ್ಪು ಅಂದರು, ಒಬ್ಬರು ಕ್ಯಾಲಿಫೋರ್ನಿಯಾ ಕಾನೂನು ಅಂದರು, ಇನ್ನೊಬ್ಬರು ಡ್ರೈವರ್‌ಗಳೇ ಇಲ್ಲ ಅಂದರು. ಅನುಭವಿಸಿದವರಿಗೆ ಗೊತ್ತಿರುತ್ತದೆ ಅಲ್ವಾ, ಅದಕ್ಕೇ ಕೇಳುತ್ತಿದ್ದೇನೆ.

ವೀರಭದ್ರ, ಸ್ಯಾಕ್ರಮೆಂಟೊ

ನನ್ನದು ಕಲ್ಲಿನ ವ್ಯಾಪಾರ. ಇಲ್ಕಲ್ ಗ್ರಾನೈಟ್. 2021ರ ಜುಲೈನಲ್ಲಿ ಮೂರು ಕಂಟೇನರ್ ಹೊರಟವು. 2019ರಲ್ಲಿ ಒಂದಕ್ಕೆ 2,400 ಡಾಲರ್ ಬಾಡಿಗೆ ಕೊಟ್ಟಿದ್ದೆ. ಈ ಸಲ 9,800. ಅಲ್ಲಿಗೇ ಮೂರಕ್ಕೆ 22,200 ಜಾಸ್ತಿ. ಹಡಗು ಸೆಪ್ಟೆಂಬರ್ 14ಕ್ಕೆ ಲಾಂಗ್ ಬೀಚ್ ಮುಂದಿನ ಸ್ಯಾನ್ ಪೆಡ್ರೊ ಕೊಲ್ಲಿಗೆ ಬಂದು 23 ದಿನ ನಿಂತಿತು. ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ಆ ಹಡಗಿನ ಚುಕ್ಕಿ ನೋಡುತ್ತಿದ್ದೆ. ಅದು ಅಲ್ಲೇ ಸುತ್ತುತ್ತಿತ್ತು.

ಇಳಿದ ಮೇಲೆ ಬಂದರಿನೊಳಗೆ ಹೋಗಿ ಒಯ್ಯಲು ಅಪಾಯಿಂಟ್‌ಮೆಂಟ್ ಇಲ್ಲ. ಅಪಾಯಿಂಟ್‌ಮೆಂಟ್ ಸಿಕ್ಕ ದಿನ ಚಾಸಿ, ಅಂದರೆ ಕಂಟೇನರ್ ಕೂರಿಸಿ ಎಳೆಯುವ ಚಕ್ರದ ಚೌಕಟ್ಟು, ಇಲ್ಲ. ಕಲ್ಲು ಮಾಮೂಲಿ ಚಾಸಿ ಮೇಲೆ ಕೂರುವುದಿಲ್ಲ, ಆಕ್ಸಲ್ ಮೇಲಿನ ತೂಕದ ಮಿತಿ ದಾಟುತ್ತದೆ. ಮೂರು ಆಕ್ಸಲ್‌ನದ್ದೇ ಬೇಕು. ಎರಡು ಕಂಟೇನರ್ ಫ್ರೀ ಟೈಮ್, ಅಂದರೆ ದುಡ್ಡು ಕೊಡದೆ ಬಂದರಿನಲ್ಲಿ ಇಡಬಹುದಾದ ದಿನ, ಮುಗಿದು 11 ದಿನ ಒಳಗೇ ಉಳಿದವು. ಆ ತಡಕ್ಕೆ ಹಾಕುವ ಶುಲ್ಕ, ಡೆಮರೇಜ್, 6,050. ಚಾಸಿ ಬಾಡಿಗೆ ದಿನಕ್ಕೆ 40ರಂತೆ, ಮೂರಕ್ಕೂ 19 ದಿನ, 2,280. ಹೊರಗಿನ ಯಾರ್ಡ್‌ನಲ್ಲಿ ಇಟ್ಟಿದ್ದಕ್ಕೆ 1,350. ಒಟ್ಟು 31,880 ಡಾಲರ್. ಬಿಲ್ ಎಲ್ಲ ಫೈಲ್ ಮಾಡಿ ಇಟ್ಟಿದ್ದೇನೆ. ಇಷ್ಟೆಲ್ಲ ಆದ ಮೇಲೆ ಬಿಲ್ಡರ್ ಕೆಲಸ ಬೇರೆಯವರಿಗೆ ಕೊಟ್ಟ.

ಅಕ್ಟೋಬರ್ 13ಕ್ಕೆ ಬೈಡನ್ ಟಿವಿಯಲ್ಲಿ ಬಂದು ಲಾಸ್ ಏಂಜಲೀಸ್ ಬಂದರು ಇನ್ನು 24 ಗಂಟೆಯೂ ನಡೆಯುತ್ತದೆ ಅಂದರು. ಮನೆಯಲ್ಲಿ ಎಲ್ಲರೂ ಖುಷಿಪಟ್ಟೆವು. ಮರುದಿನ ಕೇಳಿದರೆ ರಾತ್ರಿ ಬಂದು ಒಯ್ಯಲು ಲಾರಿ ಇಲ್ಲ, ಒಯ್ದರೂ ಇಳಿಸಿಕೊಳ್ಳಲು ಗೋದಾಮು ತೆರೆದಿಲ್ಲ. ಸಾರಿಗೆ ಮಂತ್ರಿ ಬುಟಿಜೆಜ್ ಆಗಸ್ಟ್‌ನಿಂದ ರಜೆಯಲ್ಲಿದ್ದರು. ಅವಳಿ ಮಕ್ಕಳು ಮನೆಗೆ ಬಂದಾಗ ರಜೆ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆಗ ದೇಶದ ಸುಮಾರು 40% ಕಂಟೇನರ್ ಆಮದು ಲಾಸ್ ಏಂಜಲೀಸ್, ಲಾಂಗ್ ಬೀಚ್ ಎರಡೇ ಬಂದರಿನಲ್ಲಿ ಇಳಿಯುತ್ತಿತ್ತು. ಆ ಹೊತ್ತಿನಲ್ಲಿ ಆ ಕುರ್ಚಿ ಖಾಲಿ ಇರಬಾರದಿತ್ತು. ಡ್ರೈವರ್‌ಗಳಂತೂ ಇಲ್ಲವೇ ಇಲ್ಲ. 80,000 ಜನ ಕಡಿಮೆ ಇದ್ದಾರೆ ಅಂತ ಟ್ರಕ್ಕಿಂಗ್ ಸಂಘದವರೇ ಹೇಳಿದ್ದರು. ಮನೆಯಲ್ಲಿ ಕೂತವರಿಗೆ ಸರ್ಕಾರ ಚೆಕ್ ಕಳಿಸಿದರೆ ಸ್ಟಿಯರಿಂಗ್ ಹಿಡಿಯುವವರು ಯಾರು?

ಹರ್ಷ, ಸ್ಟಾಕ್‌ಟನ್

ವೀರಭದ್ರ ಸರ್, ಸ್ಟಿಯರಿಂಗ್ ಹಿಡಿದವನು ನಾನು. ಆ ಸೆಪ್ಟೆಂಬರ್‌ನಲ್ಲಿ ಅದೇ ಗೇಟಿನ ಹೊರಗೆ ನಿಂತಿದ್ದೆ. ನನಗೆ ಯಾರೂ ಚೆಕ್ ಕಳಿಸಲಿಲ್ಲ.

2021ರ ಜೂನ್‌ನಲ್ಲಿ 2013ರ ಮಾಡೆಲ್ ಡೇ ಕ್ಯಾಬ್, ಅಂದರೆ ಮಲಗುವ ಜಾಗ ಇಲ್ಲದ ಲಾರಿ, ತೆಗೆದುಕೊಂಡೆ, 62,000 ಡಾಲರ್. ಒಂದು ವರ್ಷ ಹಿಂದೆ ಅದೇ ಗಾಡಿ 38,000ಕ್ಕೆ ಸಿಗುತ್ತಿತ್ತು. 10,000 ಕೈಯಿಂದ ಹಾಕಿದೆ, ಉಳಿದದ್ದು 11% ಬಡ್ಡಿ. ತಿಂಗಳ ಕಂತು 1,344. ಇನ್ಶೂರೆನ್ಸ್ 1,450. ಆಗ ಫಾಂಟಾನಾದಲ್ಲಿದ್ದೆ. ಲಾಂಗ್ ಬೀಚ್‌ನಿಂದ ಒಂದು ಲೋಡ್‌ಗೆ 450 ಡಾಲರ್. ಮೊದಲಿನವರು ದಿನಕ್ಕೆ ಎರಡು ಲೋಡ್ ಎತ್ತುತ್ತಿದ್ದರಂತೆ. ನನಗೆ ಒಂದು ಸಿಕ್ಕಿದರೆ ಪುಣ್ಯ. ಕಾಯುವುದಕ್ಕೆ ದುಡ್ಡಿಲ್ಲ, ತಿಳಿಯಿತಾ? ಆರು ಗಂಟೆ ಕ್ಯೂನಲ್ಲಿ ನಿಂತರೂ ಅದೇ 450. ಡೀಸೆಲ್ ನನ್ನದು. ಮೂತ್ರಕ್ಕೆ ಇಳಿದರೆ ಜಾಗ ಹೋಗುತ್ತದೆ.

ಅದಕ್ಕಿಂತ ದೊಡ್ಡ ಕಾಟ ಖಾಲಿ ಕಂಟೇನರ್‌ದು. ವಾಪಸ್ ಕೊಡಲು ಹೋದರೆ ಇವತ್ತು ಈ ಹಡಗು ಕಂಪನಿಯದ್ದು ತೆಗೆದುಕೊಳ್ಳುವುದಿಲ್ಲ ಅನ್ನುತ್ತಿದ್ದರು. ಖಾಲಿ ಡಬ್ಬ ಹೊತ್ತ ಚಾಸಿ ನನ್ನ ಯಾರ್ಡ್‌ನಲ್ಲಿ 16 ದಿನ ಕೂತಿತ್ತು. ನಿಮಗೆ ಬೇಕಿದ್ದ ಚಾಸಿ ಎಲ್ಲಿತ್ತು ಅಂದರೆ ಹೀಗೆ ಖಾಲಿ ಡಬ್ಬದ ಕೆಳಗಿತ್ತು ಸರ್. ಹೊಸ ಚಾಸಿ ತರಿಸೋಣ ಅಂದರೆ ಚೀನಾದ ಚಾಸಿಗೆ 2021ರಲ್ಲಿ ಒಟ್ಟು 200%ಗಿಂತ ಜಾಸ್ತಿ ಸುಂಕ ಬಿತ್ತು. ಆ ಕೇಸ್ ಶುರುವಾಗಿದ್ದು ಟ್ರಂಪ್ ಕಾಲದಲ್ಲಿ, ಮುಗಿದಿದ್ದು ಬೈಡನ್ ಕಾಲದಲ್ಲಿ. ಯಾವ ಪಕ್ಷಕ್ಕೆ ಬೈಯುತ್ತೀರಿ?

ಆ 80,000 ಲೆಕ್ಕ ದೊಡ್ಡ ಕಂಪನಿಗಳ ಸಂಘದ್ದು. ಸ್ವಂತ ಲಾರಿಯವರ ಸಂಘ ಅದನ್ನು ಒಪ್ಪಲೇ ಇಲ್ಲ. ಲೈಸೆನ್ಸ್ ಇರುವವರು ಬೇಕಾದಷ್ಟು ಜನ ಇದ್ದಾರೆ. ಈ ಸಂಬಳಕ್ಕೆ ಈ ಕೆಲಸದಲ್ಲಿ ಉಳಿಯುವವರು ಇಲ್ಲ. ಕೊನೆಗೆ 2023ರ ಮಾರ್ಚ್‌ನಲ್ಲಿ ಗಾಡಿ 27,500ಕ್ಕೆ ಮಾರಿದೆ. ಈಗ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ, ಗಂಟೆ ಲೆಕ್ಕದ ಸಂಬಳ. ರಾತ್ರಿ ಮಕ್ಕಳ ಜೊತೆ ಊಟ ಮಾಡುತ್ತೇನೆ.

ರಾಘು, ನ್ಯೂಜೆರ್ಸಿ

ನಾನು 2022ರ ಮಾರ್ಚ್‌ನಲ್ಲೇ ಪಶ್ಚಿಮ ಕರಾವಳಿಗೆ ಕೈಮುಗಿದೆ. ಸ್ಟೀಲ್ ಪಾತ್ರೆ, ಇಡ್ಲಿ ಸ್ಟ್ಯಾಂಡ್, ವೆಟ್ ಗ್ರೈಂಡರ್ ನನ್ನ ಐಟಂ. ಎಲ್ಲ ಪೂರ್ವದಲ್ಲಿ ನಮ್ಮ ನ್ಯೂಆರ್ಕ್ ಬಂದರಿನ ಕಡೆಗೆ ತಿರುಗಿಸಿದೆ. ಆ ಜನವರಿಯಲ್ಲಿ ಲಾಸ್ ಏಂಜಲೀಸ್, ಲಾಂಗ್ ಬೀಚ್ ಮುಂದೆ 109 ಹಡಗು ಕಾಯುತ್ತಿದ್ದವು. ಅದನ್ನು ನೋಡಿಯೂ ಅಲ್ಲೇ ಬುಕ್ ಮಾಡಿದವರದು ಅವರದೇ ತಪ್ಪು, ಬೈಡನ್‌ದಲ್ಲ. ಸುಧೀಂದ್ರ ಅವರೇ, ಪೂರ್ವಕ್ಕೆ ತರಿಸಿ. ನನಗೆ ಎರಡು ವರ್ಷದಲ್ಲಿ ಡೆಮರೇಜ್ ಅಂತ ಹೋಗಿದ್ದು 340 ಡಾಲರ್, ಅಷ್ಟೇ.

ಡೆಮರೇಜ್ ಬಿಲ್ ಬಂದ ತಕ್ಷಣ ದುಡ್ಡು ಕಟ್ಟಬೇಡಿ. 2022ರ ಜೂನ್‌ನಲ್ಲಿ ಹಡಗು ಸಾಗಣೆಯ ಹೊಸ ಕಾನೂನು ಬಂತು. ಅದರ ಮೇಲೆ ಹಡಗು ಸಾಗಣೆ ನೋಡಿಕೊಳ್ಳುವ ಫೆಡರಲ್ ಮೆರಿಟೈಮ್ ಕಮಿಷನ್ ಮಾಡಿದ ನಿಯಮ 2024ರ ಮೇ 28ರಿಂದ ಜಾರಿಯಲ್ಲಿದೆ. 30 ದಿನದೊಳಗೆ ಬಿಲ್ ಕಳಿಸಬೇಕು, ಫ್ರೀ ಟೈಮ್ ಶುರುವಾದ ದಿನ, ಮುಗಿದ ದಿನ ಎಲ್ಲ ಬರೆದಿರಬೇಕು. ಇಲ್ಲದಿದ್ದರೆ ಕಟ್ಟಬೇಕಾಗಿಲ್ಲ. ತಕರಾರು ಹಾಕಲು ನಿಮಗೂ 30 ದಿನ ಇದೆ.

ವೀರಭದ್ರ, ಸ್ಯಾಕ್ರಮೆಂಟೊ

ರಾಘು, ಫ್ರೀಮಾಂಟ್‌ನ ಅಂಗಡಿಗೆ ನ್ಯೂಆರ್ಕ್‌ನಿಂದ ಹಪ್ಪಳ ತರಬೇಕಾ? ಮೂರು ಸಾವಿರ ಮೈಲಿ ರೈಲಿನಲ್ಲಿ? ಮತ್ತೆ ಕಳೆದ ಅಕ್ಟೋಬರ್ 1ಕ್ಕೆ ನಿಮ್ಮ ಪೂರ್ವದ ಬಂದರುಗಳೆಲ್ಲ ಮುಷ್ಕರಕ್ಕೆ ಬಾಗಿಲು ಹಾಕಿದ್ದವಲ್ಲ, ಅದನ್ನು ಯಾಕೆ ಬರೆಯಲಿಲ್ಲ?

ರಾಘು, ನ್ಯೂಜೆರ್ಸಿ

ಮೂರೇ ದಿನ. ಆದರೂ ಹೇಳುತ್ತೇನೆ. ದೀಪಾವಳಿಯ 400 ಗ್ರೈಂಡರ್ ಅದರಲ್ಲಿತ್ತು. ಮುಷ್ಕರ ಮುಗಿದರೂ ಕೈಗೆ ಸಿಕ್ಕಿದ್ದು ಅಕ್ಟೋಬರ್ 21ಕ್ಕೆ. 118 ಗ್ರೈಂಡರ್ ಹಬ್ಬಕ್ಕೆ ಮಾರಾಟವಾಗದೆ ಉಳಿದವು. ಹಡಗು ಕಟ್ಟೆಯ ಕೆಲಸಗಾರರಿಗೆ ಆರು ವರ್ಷದಲ್ಲಿ 62% ಸಂಬಳ ಏರಿಕೆ ಒಪ್ಪಿಕೊಂಡರು. ಅದನ್ನು ಕೊನೆಗೆ ಕಟ್ಟುವವರು ನಮ್ಮಂಥವರೇ.

ಹರ್ಷ, ಸ್ಟಾಕ್‌ಟನ್

ಹಡಗಿನ ಕಂಪನಿಗಳು 2021ರಲ್ಲಿ ಒಂದು 40 ಅಡಿ ಡಬ್ಬಕ್ಕೆ 20,000 ಡಾಲರ್ ತೆಗೆದುಕೊಂಡಾಗ ಅದನ್ನು ಕಟ್ಟಿದವರು ಯಾರು? ಕೂಲಿಯವನು ಸಂಬಳ ಕೇಳಿದಾಗ ಮಾತ್ರ ನೋಯುತ್ತದಾ?

ಮಂಜುಳಾ, ಚಿಕ್ಕಮಗಳೂರು

ನೀವೆಲ್ಲ ಡಬ್ಬ ಇಳಿಯಲಿಲ್ಲ ಅಂತ ಹೇಳುತ್ತಿದ್ದೀರಿ. ನಮಗೆ ಡಬ್ಬವೇ ಸಿಗಲಿಲ್ಲ. ನಾವು ಕಾಫಿ ಕಳಿಸುವವರು. 60 ಕೆಜಿಯ 320 ಮೂಟೆ, ಇಟಲಿಗೆ, ಮಂಗಳೂರಿನಿಂದ. 2021ರ ಮಾರ್ಚ್‌ನ ಬುಕಿಂಗ್. ಮೊದಲು ಖಾಲಿ ಕಂಟೇನರ್ ಇಲ್ಲ ಅಂದರು. ಚೀನಾದಿಂದ ಅಮೆರಿಕಕ್ಕೆ ಬಾಡಿಗೆ ಜಾಸ್ತಿ ಅಂತ ಖಾಲಿ ಡಬ್ಬಗಳನ್ನೆಲ್ಲ ಚೀನಾ ಕಡೆಗೇ ಒಯ್ಯುತ್ತಿದ್ದರು. ಡಬ್ಬ ಸಿಗುವ ಹೊತ್ತಿಗೆ ಮಾರ್ಚ್ 23ಕ್ಕೆ ಸುಯೆಜ್‌ನಲ್ಲಿ ಆ ದೊಡ್ಡ ಹಡಗು ಅಡ್ಡ ಕೂತಿತು. ನಾಲ್ಕು ಸಲ ಬುಕಿಂಗ್ ಮುಂದಿನ ಹಡಗಿಗೆ ತಳ್ಳಿದರು. ಜೂನ್ ಬಂತು, ಮಳೆ ಹಿಡಿಯಿತು. 11% ಇದ್ದ ತೇವಾಂಶ 12.6%ಕ್ಕೆ ಏರಿತು. ಮೂಟೆ ಬಿಚ್ಚಿ, ಮತ್ತೆ ಒಣಗಿಸಿ, ಮತ್ತೆ ತುಂಬಿಸಿದೆವು. 14 ಆಳು, ಆರು ದಿನ. ಬಣ್ಣ ಹೋಗಿದೆ ಅಂತ ಕೊಂಡವರು ಕೆಜಿಗೆ 14 ಸೆಂಟ್ ಇಳಿಸಿದರು. 19,200 ಕೆಜಿಗೆ 2,688 ಡಾಲರ್. ಅಪ್ಪ ಆ ವರ್ಷ ಗೊಬ್ಬರಕ್ಕೆ ಸಾಲ ಮಾಡಿದರು.

ವೀರಭದ್ರಣ್ಣ, ಬೈಡನ್ ಅಂತ ನೀವು ಬರೆಯುವಾಗ ನನಗೆ ಬೇಜಾರಾಗುತ್ತದೆ. ಎಲ್ಲರೂ ಮನೆಯಲ್ಲಿ ಕೂತು ಸೋಫಾ, ಟಿವಿ, ಸೈಕಲ್ ತರಿಸಿಕೊಂಡರು. ಅದರ ಭಾರ ನಮ್ಮ ತಲೆಗೆ ಬಂತು.

ನಾಗೇಶ್, ಮಿಲ್ಟನ್ ಕೀನ್ಸ್

ಇಂಗ್ಲೆಂಡ್‌ನಲ್ಲೂ ಅದೇ ಜಗಳ. 2021ರ ಸೆಪ್ಟೆಂಬರ್‌ನಲ್ಲಿ ಪೆಟ್ರೋಲ್ ಇತ್ತು, ಬಂಕಿಗೆ ತರುವ ಟ್ಯಾಂಕರ್ ಡ್ರೈವರ್ ಇರಲಿಲ್ಲ. ಎರಡೂವರೆ ಗಂಟೆ ಕ್ಯೂ ನಿಂತು 30 ಪೌಂಡ್‌ಗೆ ಹಾಕಿಸಿದೆ. ಒಂದು ಕಡೆಯವರು ಬ್ರೆಕ್ಸಿಟ್ ಅಂದರು. ಸರ್ಕಾರ ಕೊರೋನಾ ಅಂತು, ಆಮೇಲೆ ಹೊರಗಿನ ಲಾರಿ ಡ್ರೈವರ್‌ಗಳಿಗೆ 5,000 ತಾತ್ಕಾಲಿಕ ವೀಸಾ ಅಂತು. ಮೂರು ತಿಂಗಳ ವೀಸಾ ನಂಬಿ ಯಾರು ಮನೆ ಬಿಟ್ಟು ಬರುತ್ತಾರೆ? ನನ್ನ ಬಾಮೈದ ಆಗಲೇ ಲಾರಿ ಲೈಸೆನ್ಸ್‌ಗೆ 3,200 ಪೌಂಡ್ ಸುರಿದ. ಪರೀಕ್ಷೆಗೆ 14 ವಾರ ಕಾದ. ಈಗ ಒಳ್ಳೆಯ ಕೆಲಸದಲ್ಲಿದ್ದಾನೆ. ಹರ್ಷ ಅವರ ಮಾತೇ ಸರಿ, ಸಂಬಳ ಕೊಟ್ಟರೆ ಡ್ರೈವರ್ ಬರುತ್ತಾನೆ.

ವೀರಭದ್ರ, ಸ್ಯಾಕ್ರಮೆಂಟೊ

ಹರ್ಷ ಅವರ ಮಾತು ಸರಿಯಾ? ಹಾಗಾದರೆ 2022ರ ಜುಲೈ ನೆನಪು ಮಾಡಿಕೊಳ್ಳಲಿ. ಲಾಂಗ್ ಬೀಚ್ ಸಾಕಾಗಿ ಓಕ್ಲ್ಯಾಂಡ್‌ಗೆ ಎರಡು ಕಂಟೇನರ್ ತರಿಸಿದ್ದೆ. ಇದೇ ಲಾರಿಯವರು ಗೇಟಿಗೆ ಅಡ್ಡ ನಿಂತರು. ಐದು ದಿನ ಒಂದು ಡಬ್ಬವೂ ಹೊರಗೆ ಬರಲಿಲ್ಲ. 1,925 ಡಾಲರ್. ಆ ಬಿಲ್ ಕೂಡ ಇದೆ.

ಹರ್ಷ, ಸ್ಟಾಕ್‌ಟನ್

ಹೌದು, ನಾನು ಅಲ್ಲಿದ್ದೆ. ಒಂದು ಕಂಪನಿಗೆ ಓಡಿಸುವ ಸ್ವಂತ ಗಾಡಿಯವರನ್ನೂ ನೌಕರರೆಂದೇ ಎಣಿಸುವ ಕ್ಯಾಲಿಫೋರ್ನಿಯಾದ ಎಬಿ5 ಕಾನೂನಿನ ವಿರುದ್ಧ. ಜೂನ್ 30ಕ್ಕೆ ಸುಪ್ರೀಂ ಕೋರ್ಟ್ ಕೇಸ್ ತೆಗೆದುಕೊಳ್ಳುವುದಿಲ್ಲ ಅಂತು. ಸ್ವಂತ ಗಾಡಿ ಇಟ್ಟುಕೊಂಡು ಒಂದು ಕಂಪನಿಗೆ ಓಡಿಸುವುದೇ ಕಷ್ಟ ಅನ್ನುವ ಹಾಗಾಯಿತು. ಅದರ ಮೇಲೆ 2023ರ ಜನವರಿ 1ರಿಂದ 2010ಕ್ಕಿಂತ ಹಳೆಯ ಎಂಜಿನ್ ರಾಜ್ಯದಲ್ಲಿ ಓಡುವ ಹಾಗಿಲ್ಲ. ನನ್ನ ಪಕ್ಕದ ಪಂಜಾಬಿ ಅಣ್ಣನದು 2008ರ ಎಂಜಿನ್. ಸಾಲ ತೀರಿಸಿದ್ದ ಗಾಡಿಯನ್ನು ಅರಿಜೋನಾದವರಿಗೆ 9,000ಕ್ಕೆ ಕೊಟ್ಟು ಅತ್ತ. ನಿಮ್ಮ ಐದು ದಿನಕ್ಕೆ ನನಗೆ ನಿಜವಾಗಿಯೂ ಬೇಸರ ಇದೆ ಸರ್. ಆದರೆ ಬೇರೆ ಎಲ್ಲಿ ನಿಂತಿದ್ದರೆ ನಮ್ಮ ಮಾತು ಕೇಳುತ್ತಿದ್ದರು, ಹೇಳಿ.

ವೀರಭದ್ರ, ಸ್ಯಾಕ್ರಮೆಂಟೊ

ಸ್ಯಾಕ್ರಮೆಂಟೊದಲ್ಲಿ ವಿಧಾನಸೌಧ ಇದೆ. ಅದರ ಮುಂದೆ ನಿಲ್ಲಬೇಕಿತ್ತು. ನಾನೂ ಬಂದು ನಿಲ್ಲುತ್ತಿದ್ದೆ. ನನ್ನ ಕಲ್ಲಿನ ಮುಂದೆ ಅಲ್ಲ.

ಸುಧೀಂದ್ರ, ಫ್ರೀಮಾಂಟ್

ಎಲ್ಲರಿಗೂ ಧನ್ಯವಾದ. ದಯವಿಟ್ಟು ಓಕ್ಲ್ಯಾಂಡ್ ಬಗ್ಗೆ ಯಾರಾದರೂ ಹೇಳುತ್ತೀರಾ?

ಹರ್ಷ, ಸ್ಟಾಕ್‌ಟನ್

ಓಕ್ಲ್ಯಾಂಡ್‌ಗೇ ತರಿಸಿ. ನಿಮ್ಮ ಅಂಗಡಿಗೆ ಒಂದು ಗಂಟೆ ದಾರಿ. 2021ರ ಕೊನೆಯಲ್ಲಿ ಅಲ್ಲಿ ಜಾಗ ಖಾಲಿ ಇತ್ತು, ಆದರೆ ದಕ್ಷಿಣದಲ್ಲಿ ತಡವಾಗಿದ್ದ ಹಡಗುಗಳು ಓಕ್ಲ್ಯಾಂಡ್ ಬಿಟ್ಟು ನೇರ ಏಷ್ಯಾಕ್ಕೆ ವಾಪಸ್ ಹೋಗುತ್ತಿದ್ದವು. ಈಗಲೂ ನೀವು ಹೆದರಬೇಕಾದ್ದು ಅದಕ್ಕೇ. ಬುಕ್ ಮಾಡುವಾಗಲೇ ಫ್ರೀ ಟೈಮ್ ಜಾಸ್ತಿ ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಖಾಲಿ ಡಬ್ಬ ಎಲ್ಲಿ ವಾಪಸ್ ಕೊಡಬೇಕು ಅನ್ನುವುದನ್ನೂ ಬರೆಸಿಕೊಳ್ಳಿ. ಲಾರಿಯವನಿಗೆ ಕಾಯುವ ಗಂಟೆಗೆ ದುಡ್ಡು ಕೊಡಿ. ಅವನು ನಿಮ್ಮ ಡಬ್ಬವನ್ನೇ ಮೊದಲು ಎತ್ತುತ್ತಾನೆ.

ಮಂಜುಳಾ, ಚಿಕ್ಕಮಗಳೂರು

ಹಪ್ಪಳ, ಅವಲಕ್ಕಿಗೆ ತೇವ ಹೀರುವ ಪಟ್ಟಿಗಳನ್ನು ಕಂಟೇನರ್ ಒಳಗೆ ಎರಡೂ ಪಕ್ಕ ತೂಗು ಹಾಕಿಸಿ ಸುಧೀಂದ್ರ ಅವರೇ. ಜೂನ್ ಕೊನೆಗೆ ಹೊರಡಿಸಿ. ಘಟ್ಟದ ಕಡೆಯ ಸಾಮಾನು ಇದ್ದರೆ ಮಳೆ ಹಿಡಿಯುವ ಮುಂಚೆಯೇ ಚೆನ್ನೈಗೆ ತಲುಪಿಸಿಬಿಡಿ, ಆಮೇಲೆ ನಂಬಬೇಡಿ. ಕಳೆದ ಜುಲೈನಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ನಮ್ಮ ಲಾರಿ ಎರಡು ದಿನ ಸಕಲೇಶಪುರದಲ್ಲೇ ನಿಂತಿತ್ತು. ಆ ಹೆದ್ದಾರಿ ಬಗ್ಗೆ ಬರೆಯಲು ಹೋದರೆ ಇಲ್ಲೂ ಎರಡು ಪಕ್ಷದವರು ಬರುತ್ತಾರೆ.

ವೀರಭದ್ರ, ಸ್ಯಾಕ್ರಮೆಂಟೊ

ಸುಧೀಂದ್ರ, ಕೈಯಲ್ಲಿ 8,000 ಡಾಲರ್ ಬೇರೆಯಾಗಿ ಇಟ್ಟುಕೊಳ್ಳಿ. ಅಂಗಡಿಯ ಬಾಡಿಗೆ ದುಡ್ಡಿನಿಂದ ತೆಗೆಯಬೇಡಿ. ಆ 2021ರ ಕಲ್ಲು ಒಂಬತ್ತು ಸ್ಲ್ಯಾಬ್ ನನ್ನ ಯಾರ್ಡ್‌ನಲ್ಲಿ ಇನ್ನೂ ನಿಂತಿವೆ. ಹರ್ಷ, ಆ ಜುಲೈನ ಬಿಲ್ ನೋಡಬೇಕಾದರೆ ಬನ್ನಿ, ಸ್ಟಾಕ್‌ಟನ್‌ನಿಂದ ಐವತ್ತು ಮೈಲಿ. ಭಾನುವಾರ ಯಾರ್ಡ್‌ನಲ್ಲೇ ಇರುತ್ತೇನೆ.

ಹರ್ಷ, ಸ್ಟಾಕ್‌ಟನ್

ಬರುತ್ತೇನೆ. ನನ್ನ ಕಂತಿನ ರಸೀದಿಗಳನ್ನೂ ತರುತ್ತೇನೆ.