ಅಪ್‌ಡೇಟ್: ನರ್ಸರಿಯಿಂದ ತಂದ ದಾಸವಾಳದ ಮೊಗ್ಗು ಉದುರುವುದು ನಿಂತಿದೆ

ಹೊಸದಾಗಿ ತಂದ ಹೈಬ್ರಿಡ್ ದಾಸವಾಳದ ಮೊಗ್ಗೆಲ್ಲ ಹಳದಿಯಾಗಿ ಉದುರುತ್ತಿವೆ, ಏಕೆ ಎಂದು ಕೇಳಿದ್ದೆ. ಮೊಗ್ಗು ಸೀಳಿ ನೋಡಿ ಎಂದವರಿಗೆ ಥ್ಯಾಂಕ್ಸ್. ಒಳಗೆ ಬಿಳಿ ಹುಳು ಇರಲಿಲ್ಲ. (ಇದ್ದರೆ ಉದುರಿದ್ದನ್ನೆಲ್ಲ ಆರಿಸಿ ಚೀಲದಲ್ಲಿ ಕಟ್ಟಿ ಬಿಸಾಡಿ, ಬಿಟ್ಟರೆ ಮಣ್ಣಲ್ಲೇ ಕೋಶ ಕಟ್ಟಿ ಮತ್ತೆ ಬರುತ್ತವೆ.)

ತೊಂದರೆ ಇದ್ದದ್ದು ಬೇರಿನ ಮುದ್ದೆಯಲ್ಲಿ. ಗಿಡ ಬರೀ ಕೋಕೋಪೀಟ್‌ನಲ್ಲಿತ್ತು (ತೆಂಗಿನ ನಾರಿನ ಪುಡಿ). ಅದು ಪೂರ್ತಿ ಒಣಗಿದರೆ ಸುಲಭಕ್ಕೆ ನೀರು ಹೀರುವುದಿಲ್ಲ. ಹಾಕಿದ್ದೆಲ್ಲ ಅಂಚಿನಿಂದ ಇಳಿದು ತಳದ ತೂತಿನಿಂದ ಹೊರಬರುತ್ತದೆ. ಮೇಲೆ ಒದ್ದೆ, ನಡುವೆ ಒಣ ಪುಡಿ. ಕುಂಡವನ್ನು ಬಕೆಟ್ ನೀರಲ್ಲಿ ಗುಳ್ಳೆ ನಿಲ್ಲುವವರೆಗೆ, ಸುಮಾರು ಅರ್ಧ ಗಂಟೆ ಮುಳುಗಿಸಿಟ್ಟೆ. ನೀರು ಬಸಿದ ಮೇಲೆ 2 ಇಂಚು ಹೆಚ್ಚು ಅಗಲದ ಕುಂಡಕ್ಕೆ ಬದಲಿಸಿದೆ: 2 ಪಾಲು ತೋಟದ ಮಣ್ಣು, 1 ಪಾಲು ಎರೆಗೊಬ್ಬರ, 1 ಪಾಲು ದಪ್ಪ ಮರಳು. ಸುತ್ತಿಕೊಂಡ ಬೇರನ್ನು ಬೆರಳಲ್ಲಿ ಸಡಿಲಿಸಿದರೆ ಸಾಕು. ಮುದ್ದೆಯನ್ನೇ ತೊಳೆದುಬಿಡಿ ಎಂಬ ಸಲಹೆ ನನಗೆ ಒಪ್ಪಿಗೆಯಿಲ್ಲ, ಮೊಗ್ಗು ಹೊತ್ತ ಗಿಡಕ್ಕೆ ಅಷ್ಟು ಪೆಟ್ಟು ಬೇಡ. ಮೊದಲ ತಿಂಗಳು ಬೇರೆ ಗೊಬ್ಬರವೂ ಬೇಡ.

ಹೊಸ ಮೊಗ್ಗುಗಳು ಅರಳುತ್ತಿವೆ. ಚಿಗುರಿನ ಸಂದಿಯಲ್ಲಿ ಈಗ ಹಿಟ್ಟು ತಿಗಣೆ (ಬಿಳಿ ಹತ್ತಿಯಂತೆ ಅಂಟಿಕೊಂಡು ರಸ ಹೀರುವ ಕೀಟ) ಕಾಣಿಸಿದೆ. 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರವ ಬೆರೆಸಿ ವಾರಕ್ಕೊಮ್ಮೆ ಸಂಜೆ ಸಿಂಪಡಿಸುತ್ತಿದ್ದೇನೆ.