ಸೌದಿ ಮರಳುಗಾಡಲ್ಲಿ ಭಾವ ನಾಪತ್ತೆ, ಪೋಸ್ಟರ್ ಎಲ್ಲಿ ಹಾಕೋದು?

ಕುಂದಾಪ್ರದ_ಮಾಣಿ:
ಸ್ವಲ್ಪ ಅರ್ಜೆಂಟ್ ಇದೆ, ಗಲ್ಫಲ್ಲಿ ಇರೋರು ದಯವಿಟ್ಟು ಓದಿ. ಅಕ್ಕನ ಗಂಡ ಸೌದಿಲಿ ಅಲ್ ಅಹ್ಸಾ ಕಡೆ ಒಂದು ಕಾಂಟ್ರಾಕ್ಟ್ ಕಂಪನಿಲಿ ಪಿಕಪ್ ಓಡಿಸ್ತಾರೆ, ಮೊನ್ನೆ ಬೆಳಿಗ್ಗೆ ಹರದ್ ಇಂದ ಯಬ್ರೀನ್ ದಾಟಿ ಒಂದು ಸೈಟಿಗೆ ಜನರೇಟರ್ ಪಾರ್ಟ್ಸ್ ಕೊಡೋಕೆ ಅಂತ ಹೋದವರು ಅಲ್ಲಿಗೆ ತಲುಪ್ಲೂ ಇಲ್ಲ, ವಾಪಸ್ ಬರ್ಲೂ ಇಲ್ಲ. ಮಧ್ಯಾಹ್ನ ಅಕ್ಕನಿಗೆ ಒಂದು ವಾಯ್ಸ್ ಮೆಸೇಜ್ ಬಂದಿತ್ತು, "ಗಾಳಿ ಜೋರಿದೆ ಮಾರಾಯ್ತಿ, ದಾರಿ ಕಾಣ್ತಿಲ್ಲ, ಆಮೇಲೆ ಮಾಡ್ತೆ" ಅಂತ. ಹಿಂದೆ ಮರಳು ಗಾಜಿಗೆ ಸರ್ರಂತ ಬಡಿಯೋ ಸದ್ದು. ಅಷ್ಟೇ, ಆಮೇಲೆ ಫೋನ್ ಸ್ವಿಚ್ ಆಫ್. ನಾವು ಫೋಟೋ ಹಾಕಿ ಕನ್ನಡದಲ್ಲಿ ಪೋಸ್ಟರ್ ಮಾಡಿ ಊರಿನ ಎಲ್ಲಾ ಗ್ರೂಪಿಗೂ ಬಿಟ್ಟಿದೀವಿ, ಫೇಸ್‌ಬುಕ್ಕಲ್ಲಿ 2 ಸಾವಿರ ಶೇರ್ ದಾಟಿದೆ, ಬಂದಿದ್ದೆಲ್ಲ ಕೈ ಮುಗಿಯೋ ಎಮೋಜಿ. ಸೂಪರ್‌ವೈಸರ್ ಕೇಳಿದ್ರೆ "ಬರ್ತಾನೆ ಬಿಡಿ, ಯಾರೋ ಫ್ರೆಂಡ್ ರೂಮಿಗೆ ಹೋಗಿರ್ಬೇಕು" ಅಂತಾನೆ. ಇನ್ನೆಲ್ಲಿ ಹಾಕ್ಬೇಕು ಪೋಸ್ಟರ್?

ದಮ್ಮಾಮ್_ಹಳೇ_ಹುಲಿ:
ತಮ್ಮಾ ಪೋಸ್ಟರ್ ಆಮೇಲೆ. ಪೊಲೀಸ್ ಕಂಪ್ಲೇಂಟ್ ಆಗಿದ್ಯಾ ಅನ್ನೋದನ್ನ ಮೊದ್ಲು ಕೇಳು. ಆ ಜಾಗ ಈಸ್ಟರ್ನ್ ಪ್ರಾವಿನ್ಸಿಗೆ ಸೇರುತ್ತೆ, ಅಲ್ಲಿ ಪೊಲೀಸ್, ಸಿವಿಲ್ ಡಿಫೆನ್ಸ್ ಎರಡಕ್ಕೂ 911. ನೀನು ಊರಿಂದ ಮಾಡಕ್ಕಾಗಲ್ಲ, ಅಲ್ಲಿರೋ ಅವರ ರೂಂಮೇಟ್ ಕೈಲಿ ಈಗ್ಲೇ ಮಾಡ್ಸು. ಕೊನೇ ಸಲ ಫೋನ್ ಯಾವ ಟವರ್ ಹಿಡಿದಿತ್ತು ಅಂತ ತೆಗೆಸೋಕೆ ಪೊಲೀಸರಿಗೆ ಮಾತ್ರ ಆಗೋದು.

ಇನ್ನೊಂದು ಮುಖ್ಯ ವಿಷ್ಯ, ಆ ಸೂಪರ್‌ವೈಸರ್ ಮಾತು ಕೇಳಿ ನಂಗೆ ಹೆದರಿಕೆ ಆಗ್ತಿರೋದು ಇದಕ್ಕೇ. ಆಳು ಕಾಣ್ತಿಲ್ಲ ಅಂದ ತಕ್ಷಣ ಕೆಲವು ವೀಸಾ ಕೊಟ್ಟ ಮಾಲೀಕರು, ಅಂದ್ರೆ ಕಫೀಲ್‌ಗಳು ಹುರೂಬ್ ಹಾಕಿಬಿಡ್ತಾರೆ, ಅಂದ್ರೆ ಕೆಲಸ ಬಿಟ್ಟು ಓಡಿಹೋಗಿದಾನೆ ಅಂತ. ಒಂದ್ಸಲ ಅದು ಬಿತ್ತು ಅಂದ್ರೆ ಇವನು ಹುಡುಕಬೇಕಾದ ಮನುಷ್ಯ ಅಲ್ಲ, ಹಿಡೀಬೇಕಾದ ಮನುಷ್ಯ ಆಗಿಬಿಡ್ಬಹುದು. ಆ ವಾಯ್ಸ್ ಮೆಸೇಜ್ ಡಿಲೀಟ್ ಆಗದಂಗೆ ನೋಡ್ಕೊಳಿ, ರಿಯಾದ್ ಎಂಬಸಿಗೆ ಫೋನ್ ಮಾಡಿ, ಜೊತೆಗೆ ನಮ್ಮ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್ಲಲ್ಲಿ ಅಕ್ಕನ ಹೆಸರಲ್ಲಿ ದೂರು ಹಾಕಿ, ಅದನ್ನ ಊರಲ್ಲಿ ಕೂತೇ ಮಾಡ್ಬಹುದು.

ಟ್ರೇಲರ್_ಅಣ್ಣ:
ಹುಲಿ ಹೇಳಿದ್ದು ಕರೆಕ್ಟು. ಪೋಸ್ಟರ್ ವಿಷ್ಯ ನಾನು ಹೇಳ್ತೀನಿ, ಆ ರೂಟಲ್ಲಿ ಗಾಡಿ ಓಡಿಸಿದೀನಿ. ಆ ಕಡೆ ಇರೋ ಮರಳುಗಾಡು ರುಬ್ ಅಲ್ ಖಾಲಿ, ಅದು ಹತ್ತಿರ ಹತ್ತಿರ ಆರೂವರೆ ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕ ಮೂರು ಇಟ್ರೂ ಜಾಗ ಉಳಿಯುತ್ತೆ. ಅಲ್ಲಿ ಓಡಾಡೋರು ಯಾರು? ಬದೂಗಳು ಅಂದ್ರೆ ಮರಳುಗಾಡಿನ ಅಲೆಮಾರಿ ಅರಬರು, ನೀರಿನ ಟ್ಯಾಂಕರ್ ಡ್ರೈವರ್‌ಗಳು, ಒಂಟೆ ಮೇಯಿಸೋ ಸುಡಾನಿ ಬಂಗಾಲಿ ಹುಡುಗ್ರು. ಇವರಲ್ಲಿ ಕುಂದಾಪುರದ ಗ್ರೂಪಲ್ಲಿ ಯಾರಿದಾರೆ ಹೇಳಿ. ಬೇಜಾರಾಗ್ಬೇಡಿ, ಆ 2 ಸಾವಿರ ಶೇರ್ ಅಲ್ಲಿಗೆ ಒಂದೂ ಮುಟ್ಟಿಲ್ಲ.

ಅರೇಬಿಕ್ಕಲ್ಲಿ ಮಾಡ್ಸಿ, ಮೇಲೆ ದೊಡ್ಡದಾಗಿ "ಮಫ್ಕೂದ್" ಅಂತ, ಕಾಣೆಯಾಗಿದ್ದಾರೆ ಅಂತ ಅರ್ಥ. ಮುಖದ ಫೋಟೋ ಇರ್ಲಿ ಆದ್ರೆ ಅದಕ್ಕಿಂತ ದೊಡ್ಡದಾಗಿ ಗಾಡಿ ಫೋಟೋ ಹಾಕಿ, ದೂರದಿಂದ ಕಾಣೋದು ಗಾಡಿನೇ ಹೊರತು ಮುಖ ಅಲ್ಲ. ಬಣ್ಣ, ಮಾಡೆಲ್, ಪ್ಲೇಟ್ ನಂಬರ್, ಹಿಂದೆ ಡ್ರಮ್ ಇತ್ತಾ ಟಾರ್ಪಾಲ್ ಇತ್ತಾ, ಎಲ್ಲಿಂದ ಎಷ್ಟು ಗಂಟೆಗೆ ಹೊರಟ್ರು. ತಾರೀಖು ಮರೀಬೇಡಿ. ಇಂಜಾದ್ ಅಂತ ಮರಳುಗಾಡಲ್ಲಿ ಹುಡುಕೋ ವಾಲಂಟಿಯರ್‌ಗಳ ಸಂಸ್ಥೆ ಇದೆ ಸೌದಿಲಿ, ಅವರಿಗೆ ಕಳಿಸಿ. ಎಕ್ಸ್ ಮತ್ತೆ ಸ್ನ್ಯಾಪ್‌ಚಾಟಲ್ಲೂ ಬಿಡಿ, ಸೌದಿಯವರು ಇರೋದೇ ಅಲ್ಲಿ.

ಆಮೇಲೆ ಉರ್ದು ಮತ್ತೆ ಬಂಗಾಲಿಲಿ ಒಂದೊಂದು ವಾಯ್ಸ್ ಮೆಸೇಜ್, ಅರ್ಧ ನಿಮಿಷದ್ದು. ಟ್ಯಾಂಕರ್ ಡ್ರೈವರ್‌ಗಳು ಎಷ್ಟೋ ಜನ ಓದಲ್ಲ, ಆದ್ರೆ ಬಂದ ವಾಯ್ಸ್ ಎಲ್ಲಾ ಕೇಳ್ತಾರೆ, ಸ್ಟೇರಿಂಗ್ ಹಿಡ್ಕೊಂಡು ಎಂಟು ಗಂಟೆ ಇನ್ನೇನು ಮಾಡೋದು. ಉರ್ದುದು ನಾನೇ ಮಾಡಿ ನಮ್ಮ ಪಠಾಣ್ ಡ್ರೈವರ್‌ಗಳ ಗ್ರೂಪಿಗೆ ಹಾಕ್ತೀನಿ, ಡೀಟೇಲ್ಸ್ ಇನ್‌ಬಾಕ್ಸ್ ಮಾಡಿ.

ಒಂಟೆ_ಸವಾರ:
ಟೈಮ್ ವೇಸ್ಟ್ ಮಾಡ್ಬೇಡಿ. 2024 ಆಗಸ್ಟಲ್ಲಿ ತೆಲಂಗಾಣದ ಹುಡುಗ ಒಬ್ಬ, ಜೊತೆಗೊಬ್ಬ ಸುಡಾನಿ, ಇದೇ ಮರಳುಗಾಡಲ್ಲಿ ಜಿಪಿಎಸ್ ಕೈಕೊಟ್ಟು, ಪೆಟ್ರೋಲ್ ಮುಗಿದು, ಫೋನ್ ಸತ್ತು, ಗಾಡಿ ಪಕ್ಕದಲ್ಲೇ ಹೆಣವಾಗಿ ಸಿಕ್ಕಿದ್ದು. ನಾನು ಅಲ್ ಅಹ್ಸಾದ ಹುಫೂಫ್ ಸಿಟಿಲಿ ಇದೀನಿ, ನಾಳೆ ಜುಮ್ಮಾ ರಜೆ, ಮೂರು ಕಾರ್ ಮಾಡ್ಕೊಂಡು ನಾವೇ ಹೋಗ್ತೀವಿ.

ದಮ್ಮಾಮ್_ಹಳೇ_ಹುಲಿ:
ಸವಾರ, ಇದನ್ನ ಅವನ ಅಕ್ಕ ಓದ್ತಾ ಇರ್ಬಹುದು, ಸ್ವಲ್ಪ ನೋಡಿ ಬರೀರಿ. ಕಾರ್ ತಗೊಂಡಂತೂ ಹೋಗ್ಬೇಡಿ. ಮರಳಲ್ಲಿ ಹೂತುಹೋಗದಂಗೆ ಟೈರ್ ಗಾಳಿ ಇಳಿಸೋಕೂ ಬರಲ್ಲ ನಮ್ಮವ್ರಿಗೆ, ನಾಳೆ ಸಂಜೆ ನಿಮ್ಮದೂ ಒಂದು ಪೋಸ್ಟರ್ ಮಾಡ್ಬೇಕಾಗುತ್ತೆ. ಅದೂ ಅಲ್ದೆ ಟೈರ್ ಗುರುತಿನ ಮೇಲೆ ಟೈರ್ ಹತ್ತಿಸಿದ್ರೆ ಹುಡುಕೋರು ಏನು ನೋಡ್ಬೇಕು? ಆ ಕಡೆ ಆಲ್ ಮುರ್ರಾ ಅಂತ ಬದೂ ಪಂಗಡ ಇದೆ, ಮರಳ ಮೇಲಿನ ಹೆಜ್ಜೆ ಓದೋದ್ರಲ್ಲಿ ಎತ್ತಿದ ಕೈ, ಪೊಲೀಸರೇ ಅವರನ್ನ ಆ ಕೆಲಸಕ್ಕೆ ಇಟ್ಕೊಂಡಿದ್ದುಂಟು. ಅವರಿಗೆ ಬಿಡಿ.

ಉಡುಪಿ_ಗಡಿಬಿಡಿ:
ಪೋಸ್ಟರಲ್ಲಿ ಅಕ್ಕನ ನಂಬರ್ ಇದ್ರೆ ತೆಗೀರಿ ಪ್ಲೀಸ್, ಇಕಾಮಾ (ಅಲ್ಲಿ ವಾಸ ಮಾಡೋ ಪರ್ಮಿಟ್) ನಂಬರ್ ಅಂತೂ ಹಾಕ್ಲೇಬೇಡಿ. "ನಿಮ್ಮವರು ನಮ್ಮ ಹತ್ರ ಇದಾರೆ, ದುಡ್ಡು ಹಾಕಿ" ಅನ್ನೋ ಕಳ್ಳರು ಇಂಥದ್ದಕ್ಕೇ ಕಾಯ್ತಿರ್ತಾರೆ. ಅಲ್ಲಿರೋ ಒಬ್ಬರದ್ದು ಮಾತ್ರ ನಂಬರ್ ಹಾಕಿ, ಅರೇಬಿಕ್ ಮಾತಾಡೋಕೆ ಬರೋರು.

ಕುಂದಾಪ್ರದ_ಮಾಣಿ:
ಸಿಕ್ಕಿದ್ರು! ಜೀವ ಇದೆ! ಲೇಟಾಗಿ ಬರೀತಿದೀನಿ ಕ್ಷಮಿಸಿ, ಎರಡು ದಿನ ನಿದ್ದೆ ಇಲ್ಲ. ಟ್ರೇಲರ್ ಅಣ್ಣನ ಉರ್ದು ವಾಯ್ಸ್ ಯಾರ್ಯಾರ ಕೈಯೋ ದಾಟಿ ಒಬ್ಬ ಟ್ಯಾಂಕರ್ ಡ್ರೈವರಿಗೆ ತಲುಪಿತ್ತು, ಅವನು ಯಬ್ರೀನ್ ದಾಟಿದ ಮೇಲೆ ನೀಲಿ ಡ್ರಮ್ ಇದ್ದ ಬಿಳಿ ಪಿಕಪ್ ಡಾಂಬರ್ ಬಿಟ್ಟು ಎಡಗಡೆ ಇಳಿದಿದ್ದು ನೋಡಿದ್ನಂತೆ. ರೂಂಮೇಟ್ ಅವನನ್ನೇ ಪೊಲೀಸರ ಜೊತೆ ಫೋನಲ್ಲಿ ಮಾತಾಡ್ಸಿದ್ರು. ಗಾಡಿ ಆಕ್ಸಲ್ ತನಕ ಹೂತಿತ್ತು. ಭಾವ ಹಗಲೆಲ್ಲ ಗಾಡಿ ಅಡಿಗೇ ನುಗ್ಗಿ ಮಲಗಿದ್ರಂತೆ, ನಡ್ಕೊಂಡು ಹೋಗ್ಲಿಲ್ಲ, ಸೈಟಿಗೆ ಅಂತ ಒಯ್ದಿದ್ದ ಒಂದು ಕ್ರೇಟ್ ನೀರು ಉಳಿಸ್ತು. ಈಗ ಆಸ್ಪತ್ರೆಲಿ ಡ್ರಿಪ್ ಹಾಕಿದಾರೆ, ತುಟಿ ಎಲ್ಲಾ ಒಡೆದಿದೆ, ಮಾತಾಡ್ತಾರೆ.

ಒಂದು ರಿಕ್ವೆಸ್ಟು, ನಮ್ಮ ಹಳೇ ಕನ್ನಡ ಪೋಸ್ಟರ್ ಯಾರ ಹತ್ರ ಇದ್ರೂ ದಯವಿಟ್ಟು ಡಿಲೀಟ್ ಮಾಡಿ, ಅದರಲ್ಲಿ ತಾರೀಖು ಹಾಕಿರ್ಲಿಲ್ಲ. ನಿನ್ನೆ ರಾತ್ರಿ ಶಿರಸಿಯಿಂದ ಯಾರೋ ಫೋನ್ ಮಾಡಿ ನಿಮ್ಮ ಭಾವನ್ನ ಹುಬ್ಬಳ್ಳಿ ಬಸ್ ಸ್ಟ್ಯಾಂಡಲ್ಲಿ ನೋಡ್ದೆ ಅಂದ್ರು. ಆಗ ಭಾವ ಇನ್ನೊಂದು ಫೋನಲ್ಲಿ ಅಕ್ಕನ ಹತ್ರ, ಇಲ್ಲಿ ಸೂಪ್ ಕೊಡ್ತಾರೆ ಗಂಜಿ ಕೊಡಲ್ಲ ಅಂತ ಕಂಪ್ಲೇಂಟ್ ಮಾಡ್ತಾ ಇದ್ರು.